ನಾಳೆ ಬೆಳಗ್ಗೆಯ ಸಮಾಚಾರ

ಪೈಕಾರಾ ಜಲಪಾತದ ಕರೆಂಟು ಬಂದ ಮೇಲೆ ತಮಿಳು ಸೀಮೆಯ ಆ ಊರಿನ ಪಂಚಾಯತಿಯವರು ಪಾರ್ಕಿನಲ್ಲಿ ರೇಡಿಯೋ ಇಟ್ಟು, ಬೇವಿನ ಮರಕ್ಕೊಂದು ಧ್ವನಿವರ್ಧಕ ಕಟ್ಟಿಸಿದ್ದರು. ಸಂಜೆ ಮದರಾಸಿನ ಸಂಗೀತ ಶುರುವಾಗುವ ಮುಂಚೆ ಮೈಕಿನ ಮುಂದೆ ಕೂತು ತಮಿಳಿನಲ್ಲಿ ಸಮಾಚಾರ ಓದುವುದು ವೆಲ್ಲಿಂಗಿರಿಯ ಕೆಲಸ. ಹತ್ತಿಯ ಧಾರಣೆಯನ್ನೂ ಅವನು ಹಾಡಿನಂತೆ ಓದುತ್ತಾನೆಂದು ಜನ ನಗುತ್ತಿದ್ದರು, ಆದರೆ ತಪ್ಪದೆ ಬಂದು ಕೂರುತ್ತಿದ್ದರು.

ಆ ಧಾಟಿ ಅವನಿಗೆ ಬಂದದ್ದು ತನ್ನ ಬೀದಿಯಿಂದ. ಅದು ಮನೆಯೊಳಗೆ ಕನ್ನಡ ಆಡುವ ನೇಕಾರರ ಬೀದಿ. ನಸುಕಿನಲ್ಲಿ ಅಲ್ಲಿ ಮಗ್ಗದ ಹಾಸುನೂಲನ್ನು, ಅವರ ಬಾಯಲ್ಲಿ ಪಾವನ್ನು, ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಬಳಿಯುತ್ತಾರೆ. ಎರಡು ಕಡೆಯೂ ಸಾಲಾಗಿ ನಿಂತವರ ಕುಂಚಗಳು ಒಟ್ಟಿಗೆ ಸಾಗಬೇಕು. ಅದಕ್ಕೇ ಹಾಡು. ವೆಲ್ಲಿಂಗಿರಿಯ ಅಕ್ಕ ಪಾಪಾತಿ ಎತ್ತಿಕೊಡುತ್ತಾಳೆ, ಮಿಕ್ಕವರು ಸೊಲ್ಲು ಸೇರಿಸುತ್ತಾರೆ. ಶುರುವಾದ ಹಾಡು ಪಾವು ಮುಗಿಯುವ ತನಕ ನಿಲ್ಲಕೂಡದು. ನಿಂತರೆ ಕೈ ನಿಲ್ಲುತ್ತದೆ, ಗಂಜಿ ಒಣಗಿ ಎಳೆಗೆ ಎಳೆ ಅಂಟುತ್ತದೆ, ತಿಂಗಳ ಕೂಳು ಮಣ್ಣುಪಾಲು.

ಪಂಚಾಯತಿಯ ಅಧ್ಯಕ್ಷ ಕೃಷ್ಣಸಾಮಿ ಆ ಬೀದಿಯ ಹಿಂದೆಯೇ ಹೊಸ ಬಂಗಲೆ ಕಟ್ಟಿಸಿದರು. ಸಂಗೀತವೆಂದರೆ ಪ್ರಾಣ ಬಿಡುವ ಮನುಷ್ಯ, ಆದರೆ ಅದು ಮದರಾಸಿನಿಂದಲೇ ಬರಬೇಕು. ನೇಕಾರರ ಹಾಡು ಅವರ ನಿದ್ದೆ ಕೆಡಿಸಿತು. ಒಂದು ಸಂಜೆ ಅವರು ವೆಲ್ಲಿಂಗಿರಿಯ ಮುಂದೆ ಒಂದು ಹಾಳೆ ಇಟ್ಟರು. ಇನ್ನು ಮೇಲೆ ಬೆಳಗಿನ ಹೊತ್ತು ಬೀದಿಯಲ್ಲಿ ಹಾಡಕೂಡದು, ಹಾಡಿದ ಬೀದಿಗೆ ಪಾವು ಹಾಕುವ ಅಪ್ಪಣೆ ಇಲ್ಲ.

"ಹಾಡಿಲ್ದೆ ಪಾವು ಹೆಂಗೆ ಸಾರ್ ಹಾಕೋದು?" ಎಂದ ವೆಲ್ಲಿಂಗಿರಿ. ಕೋಪ ಬಂದರೆ ಅವನ ತಮಿಳು ಬಿಟ್ಟುಹೋಗುತ್ತಿತ್ತು.

ಕೃಷ್ಣಸಾಮಿ ನಕ್ಕು ತಮಿಳಿನಲ್ಲೇ ಹೇಳಿದರು: "ಅದು ಹಾಡೇನಪ್ಪಾ? ಕೂಗಾಟ. ಸಂಗೀತದ ಪಕ್ಕ ಕೂತೂ ನಿನಗೆ ಗೊತ್ತಾಗಲಿಲ್ಲವೇ? ಓದು. ಕೆಲಸ ಬೇಡವಾದರೆ ಈಗಲೇ ಹೇಳು."

ವೆಲ್ಲಿಂಗಿರಿಗೆ ಮೈಯೆಲ್ಲ ಉರಿಯಿತು. ಬೀದಿಯ ಅನ್ನ ತಿಂದು ಬೆಳೆದ ಗಂಟಲಿನಿಂದಲೇ ಬೀದಿಯ ಕತ್ತು ಹಿಸುಕಬೇಕಂತೆ! ಹುಲ್ಲಿನ ಮೇಲೆ ಅಕ್ಕ ಕೂತಿದ್ದಳು, ಬೀದಿಯವರೆಲ್ಲ ಕೂತಿದ್ದರು. ಪಕ್ಕದ ಬೀದಿಗಳ ನೇಕಾರರೂ ಇದ್ದರು. ಅವನು ಮೈಕಿನ ಮುಂದೆ ಕೂತು ಆ ಹಾಳೆಯನ್ನು ಒಂದಕ್ಷರ ಬಿಡದೆ ಓದಿದ. ಸಮಾಚಾರ ಮುಚ್ಚಿಡುವುದು ಅವನ ಜಾಯಮಾನವಲ್ಲ. ಜನರ ಗುಜುಗುಜು ಎದ್ದಿತು. ಹಾಳೆಯನ್ನು ಮಡಿಸಿಟ್ಟು, ಅದೇ ದನಿಯಲ್ಲಿ ಮುಂದುವರಿಸಿದ.

"ಮುಂದಿನ ಸಮಾಚಾರ. ನಾಳೆ ಬೆಳಗ್ಗೆ ಈ ಊರಿನ ಎಲ್ಲ ನೇಕಾರರ ಬೀದಿಗಳಲ್ಲೂ ಪಾವು ಹಾಕಲಾಗುವುದು. ಎಲ್ಲ ಬೀದಿಗಳಲ್ಲೂ ಹಾಡಲಾಗುವುದು. ಸಮಾಚಾರ ಮುಗಿಯಿತು. ಈಗ ಸಂಗೀತ." ಆಮೇಲೆ ಕನ್ನಡದಲ್ಲಿ ಕರೆದ: "ಅಕ್ಕಾ, ಬಾ. ಎತ್ತು."

ಪಾಪಾತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಮೈಕನ್ನೊಮ್ಮೆ ಒಲೆಯ ಮೇಲಿನ ಮಡಕೆ ನೋಡುವಂತೆ ನೋಡಿದಳು.

"ಇಳಿಯೇ ಗಂಜಿ ಎಳೆಯಾ ಮ್ಯಾಲೆ,
ಅಂಟದೆ ಬಾರೇ ತಾಯಿ ಚೌಡಮ್ಮಾ..."

ಬೇವಿನ ಮರದಿಂದ ಅವಳ ದನಿ ಊರ ಮೇಲೆ ಸುರಿಯಿತು. ಹುಲ್ಲಿನ ಮೇಲಿದ್ದವರು ಎದ್ದು, ರೂಢಿಯಂತೆ ತಾವಾಗಿಯೇ ಎದುರುಬದುರು ಸಾಲಾಗಿ ನಿಂತು ಸೊಲ್ಲು ಸೇರಿಸಿದರು. ವೆಲ್ಲಿಂಗಿರಿಯ ಕಣ್ಣು ತುಂಬಿತು, ಹೆಮ್ಮೆಯಿಂದಲೇ.

ಕೃಷ್ಣಸಾಮಿ ಓಡಿ ಬಂದು ಗುಂಡಿ ತಿರುಗಿಸಿದರು. ಧ್ವನಿವರ್ಧಕ ಸತ್ತಿತು. "ನಿಲ್ಲಿಸು!" ಎಂದು ಪಾಪಾತಿಯ ಮೇಲೆ ಕಿರುಚಿದರು. ಅವಳು ಹಾಡುತ್ತಲೇ ತಲೆಯಾಡಿಸಿ ಆಗುವುದಿಲ್ಲವೆಂದಳು. ಎತ್ತಿದ ಹಾಡನ್ನು ನಡುವೆ ಬಿಟ್ಟವರು ಅವಳ ವಂಶದಲ್ಲೇ ಇಲ್ಲ. ಮದರಾಸಿನ ಸಂಗೀತದ ಹೊತ್ತು ಮೀರಿತು. ಅಧ್ಯಕ್ಷರು ಸಾಲುಗಳ ನಡುವೆ ಸಿಕ್ಕಿಕೊಂಡು, ಅತ್ತ ದರಿ ಇತ್ತ ಪುಲಿ ಎಂಬಂತೆ ಕೊನೆಯ ಸೊಲ್ಲಿನ ತನಕ ನಿಂತೇ ಇರಬೇಕಾಯಿತು.

"ನಾಳೆಯಿಂದ ಇತ್ತ ತಲೆ ಹಾಕಬೇಡ," ಎಂದರು ವೆಲ್ಲಿಂಗಿರಿಗೆ. "ಎಲ್ಲ ಬೀದಿಯವರೂ ಹಾಡುತ್ತಾರೆಂದು ನಿನಗೆ ಯಾರು ಹೇಳಿದರು? ಸುಳ್ಳು ಸಮಾಚಾರ ಓದಿದೆ!"

"ನಾನು ಸುಳ್ಳು ಓದಿದೋನಲ್ಲ ಸಾರ್. ನಿಮ್ಮ ಕಿಟಕಿ ತೆಗೆದಿಟ್ಟು ಮಲಗಿ."

ಮನೆಗೆ ನಡೆಯುವಾಗ ಮಾತ್ರ ಅವನಿಗೆ ಅಳುಕು ಹುಟ್ಟಿತು. ಕೆಲಸವಂತೂ ಹೋಯಿತು. ಪಕ್ಕದ ಬೀದಿಯವರು ಹೆದರಿ ಬಾಯಿ ಮುಚ್ಚಿಕೊಂಡರೆ ಅಪ್ಪಣೆ ಹೋಗುವುದು ತನ್ನ ಬೀದಿಯದೊಂದೇ.

ನಸುಕಿನಲ್ಲಿ ಅವನೂ ಕುಂಚ ಹಿಡಿದು ಸಾಲಿನಲ್ಲಿ ನಿಂತ. ಅಕ್ಕ ಎತ್ತಿದಳು, ಬೀದಿ ಸೊಲ್ಲು ಸೇರಿಸಿತು. ಉಸಿರು ಎಳೆದುಕೊಳ್ಳುವ ಬಿಡುವಿನಲ್ಲಿ ಎಲ್ಲರೂ ಕಿವಿ ನಿಮಿರಿಸಿದರು. ಬಡಗಣ ಬೀದಿಯಿಂದ ಯಾರೋ ಹೆಂಗಸಿನ ದನಿ ಎದ್ದಿತು. ಅದರ ಹಿಂದೆಯೇ ಕೆರೆಬೀದಿಯದು, ಅದರಾಚೆ ಇನ್ನೊಂದು. ಅಪ್ಪಣೆ ಕಿತ್ತುಕೊಳ್ಳುವುದಾದರೆ ಇಡೀ ಊರಿನದನ್ನೇ ಕಿತ್ತುಕೊಳ್ಳಬೇಕಿತ್ತು.

"ಕೈ ಯಾಕೆ ನಿಂತೋಯ್ತು ತಂಬಿ?" ಎಂದು ಪಾಪಾತಿ ಗದರಿದಳು. "ಗಂಜಿ ಒಣಗ್ತದೆ, ಬಳಿ!"