ಕಾಸ್ಪರನ ಮೇಲಿನ ಸ್ವರ

ಆಸ್ಥಾನಕ್ಕೆ ಹೊಸದಾಗಿ ಬಂದ ಸಂಗೀತ ಮುಖ್ಯಸ್ಥ ಲಿಂಡೆನಾವ್, ಅರಮನೆ ಚರ್ಚಿನ ಹಾಡುಗಾರರನ್ನೆಲ್ಲ ಒಬ್ಬೊಬ್ಬರಾಗಿ ಪರೀಕ್ಷಿಸುತ್ತಾನೆಂದು ಕೇಳಿ ಸಬೀನಾಳಿಗೆ ಚಿಂತೆ ಹತ್ತಿತು. ಅಲ್ಲಿ ಹಾಡುತ್ತಿದ್ದ ಅವಳ ಗಂಡ ಕಾಸ್ಪರನಿಗೆ ಅರವತ್ತೊಂದು ತುಂಬಿತ್ತು. ಕೆಳಗಿನ ಸ್ವರಗಳು ಈಗಲೂ ಪೀಪಾಯಿ ಉರುಳಿದಂತೆ ಬರುತ್ತಿದ್ದವು. ಮೇಲಿನ ತುದಿಯ ಸ್ವರ ಮಾತ್ರ ಎರಡು ವರ್ಷದಿಂದ ಕೈಕೊಟ್ಟಿತ್ತು. ಕಂಠ ಹೋದವರಿಗೆ ಅಲ್ಲಿ ಒಂದೇ ಕೆಲಸ: ಆರ್ಗನ್ ವಾದ್ಯದ ಹಿಂದೆ ನಿಂತು, ಅದರ ಕೊಳವೆಗಳಿಗೆ ಗಾಳಿಯೂದುವ ತಿದಿ ತುಳಿಯುವುದು.

“ಈ ಮೊಣಕಾಲಿಟ್ಕೊಂಡು ತಿದಿ ತುಳೀಲಾ?” ಎಂದ ಕಾಸ್ಪರ್.

“ಸುಮ್ನೆ ಸೂಪು ಕುಡೀರಿ,” ಎಂದವಳೇ ಸಬೀನಾ, ಹೊಗೆ ಹಿಡಿಸಿದ ಸಾಸೇಜೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಮ್ಮನ ಮನೆಗೆ ಹೊರಟಳು. ತಮ್ಮ ಮೆಲ್ಕಿಯೋರನೇ ಚರ್ಚಿನಲ್ಲಿ ಆರ್ಗನ್ ನುಡಿಸುವವನು.

ಆ ಆರ್ಗನ್ನಿನ ಶ್ರುತಿ ಉಳಿದ ವಾದ್ಯಗಳಿಗಿಂತ ಒಂದು ಮೆಟ್ಟಿಲು ಎತ್ತರ. ಓಬೋ ಎಂಬ ಊದುವ ವಾದ್ಯದವರು ಜೊತೆಗಿದ್ದಾಗ ಮೆಲ್ಕಿಯೋರ್ ಒಂದು ಮೆಟ್ಟಿಲು ಇಳಿಸಿ ನುಡಿಸುತ್ತಿದ್ದ. ಪರೀಕ್ಷೆಗೆ ಆರ್ಗನ್ ಒಂದೇ; ಇಳಿಸಬೇಕಾಗಿರಲಿಲ್ಲ.

“ನಾಳೆ ಓಬೋದವರು ಇರಲ್ಲ ಅನ್ನೋದು ನಿಂಗೆ ಮರ್ತು ಹೋಗ್ಲಿ,” ಎಂದಳು ಸಬೀನಾ.

“ಭಾವನಿಗೋಸ್ಕರ ಆಗಿದ್ರೆ ಮರೀತಿರ್ಲಿಲ್ಲ ಅಕ್ಕಾ. ಸಾಸೇಜಿಗೋಸ್ಕರ ಮರೀತೀನಿ.”

ಮರೆತ; ಎಂದಿನಂತೆ ಒಂದು ಮೆಟ್ಟಿಲು ಇಳಿಸಿಯೇ ನುಡಿಸಿದ. ಕಾಸ್ಪರ್ ಹಿತ್ತಲ ಬೇಲಿ ದಾಟಿದಷ್ಟು ಸಲೀಸಾಗಿ ಆ ಸ್ವರ ಮುಟ್ಟಿದ. ಹೊಸಬನಾದ ಲಿಂಡೆನಾವ್‌ಗೆ ಈ ಆರ್ಗನ್ನಿನ ಎತ್ತರ ಇನ್ನೂ ಗೊತ್ತಿರಲಿಲ್ಲ. ಅವನಿಗೆಷ್ಟು ಖುಷಿಯಾಯಿತೆಂದರೆ, ಡ್ಯೂಕರ ಹುಟ್ಟುಹಬ್ಬದ ಹಾಡಿನಲ್ಲಿ ಕಾಸ್ಪರನಿಗೆಂದೇ ಇನ್ನೂ ಎರಡು ಮೆಟ್ಟಿಲು ಮೇಲಿನ ಸ್ವರ ಬರೆದ. ಅದೂ ಉದ್ದಕ್ಕೆ ಎಳೆಯುವಂಥದ್ದು.

“ನಿನ್ನ ಜಾಣತನಕ್ಕೆ ಈಗ ನಾನು ಎಲ್ಲರ ಮುಂದೆ ಹುಂಜದ ಥರ ಕೂಗ್ಬೇಕು,” ಎಂದು ಕಾಸ್ಪರ್ ಹಣೆ ಹಿಡಿದು ಕೂತ.

“ಕೂಗ್ಬೇಡಿ. ಬಾಯಿ ಮಾತ್ರ ತೆಗೀರಿ. ದೊಡ್ಡದಾಗಿ.”

ತಮ್ಮನ ಮನೆಗೆ ಇನ್ನೊಂದು ಸಾಸೇಜು ಹೋಯಿತು.

ಹುಟ್ಟುಹಬ್ಬದ ದಿನ, ಡ್ಯೂಕರ ಹೆಸರಿರುವ ಸಾಲು ಬಂದಾಗ ಕಾಸ್ಪರ್ ಕೈ ಚಾಚಿ, ದವಡೆ ಹಲ್ಲು ಕಾಣುವಂತೆ ಬಾಯಿ ತೆರೆದ. ಅದೇ ಕ್ಷಣಕ್ಕೆ ಮೆಲ್ಕಿಯೋರ್ ಆರ್ಗನ್ನಿನ ಕೊಳವೆಗಳನ್ನೆಲ್ಲ ಒಟ್ಟಿಗೆ ಮೊಳಗಿಸಿದ. ಕಿಟಕಿಯ ಗಾಜು ನಡುಗಿತು. ಡಚೆಸರ ನಾಯಿ ಕುರ್ಚಿ ಕೆಳಗೆ ನುಗ್ಗಿತು.

ಡ್ಯೂಕರು ಕಣ್ಣೊರೆಸಿಕೊಂಡರು. “ಅಷ್ಟು ಸದ್ದಿನಲ್ಲೂ ಕಾಸ್ಪರನ ದನಿ ಎಷ್ಟು ಸ್ಪಷ್ಟವಾಗಿ ಕೇಳ್ತು ನೋಡಿ,” ಎಂದರು. ಡ್ಯೂಕರಿಗೆ ಕೇಳಿದ್ದು ತನಗೆ ಕೇಳಲಿಲ್ಲ ಎನ್ನುವವನು ಆ ಆಸ್ಥಾನದಲ್ಲಿ ಇರಲಿಲ್ಲ.

ಚರ್ಚಿನ ಮೆಟ್ಟಿಲಲ್ಲಿ ಲಿಂಡೆನಾವ್ ಸಬೀನಾಳನ್ನು ತಡೆದು ನಿಲ್ಲಿಸಿದ. “ಮುಂದಿನ ಸಲ ಸ್ವರ ಕೆಳಗೇ ಬರೀತೀನಿ ತಾಯಿ,” ಎಂದ. “ಪಾಪ, ತಿದಿ ತುಳಿಯೋರು ಇನ್ನೂ ಏದುಸಿರು ಬಿಡ್ತಾ ಇದ್ದಾರೆ.”

ಸಬೀನಾ ಅವನ ಮುಖವನ್ನೊಮ್ಮೆ ನೋಡಿದಳು.

“ನೀವೂ ಸಾಸೇಜು ತಿಂತೀರಾ ಸ್ವಾಮಿ?”