ನಾಲ್ಕು ಬೆರಳು ಸರಿದ ಗೆರೆ

ಸರಿದಿದೆ, ಮತ್ತೆ ಸರಿದಿದೆ, ಕುಂಡದ ಮೈಮೇಲಿನ ಸೀಮೆಸುಣ್ಣದ ಗೆರೆ ಅಲ್ಲಿ, ನೆಲದ ಮೇಲಿನ ಗೆರೆ ಇಲ್ಲಿ, ನಡುವೆ ನಾಲ್ಕು ಬೆರಳು, ಅವನು ಮಂಡಿಯೂರಿ ತನ್ನದೇ ಬೆರಳಿಟ್ಟು ಅಳೆದ, ಹೌದು, ನಾಲ್ಕೇ, ಹೋದ ವಾರವೂ ನಾಲ್ಕು, ಗಾಳಿಗೆ ಅನ್ನೋಣವೆಂದರೆ ಮಣ್ಣು ತುಂಬಿದ ನಿಂಬೆಯ ಕುಂಡ ಎತ್ತಲು ಇಬ್ಬರು ಬೇಕು, ಬೆಕ್ಕು ಅನ್ನೋಣವೆಂದರೆ ಯಾವ ಬೆಕ್ಕು ಹನ್ನೊಂದು ಕುಂಡಗಳನ್ನೂ ಒಂದೇ ಅಳತೆಗೆ ತಿರುಗಿಸಿಟ್ಟು ಹೋಗುತ್ತದೆ — ಇದು ಕೈಯ ಕೆಲಸ, ಅಂಚು ಹಿಡಿದು, ಪುಸಲಾಯಿಸಿ, ಇಂಚಿಂಚಾಗಿ ತಿರುಗಿಸಿದ ಕೈ. ಹದಿನೆಂಟು ವರ್ಷ ಈ ದೊಡ್ಡ ಊರಿನ ಲಿಫ್ಟುಗಳನ್ನು ರಿಪೇರಿ ಮಾಡುತ್ತ ಬಂದವನು, ಗೆರೆಯ ವಿದ್ಯೆ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ, ಹಗ್ಗಕ್ಕೂ ಗಾಲಿಗೂ ಸೇರಿಸಿ ಒಂದು ಗೆರೆ ಎಳಿ, ಲಿಫ್ಟು ನಾಲ್ಕು ಸಲ ಹತ್ತಿ ಇಳೀಲಿ, ಗೆರೆ ಕೂಡದೆ ಹೋದ್ರೆ ಹಗ್ಗ ಜಾರ್ತಾ ಇದೆ ಅಂತ ತಿಳ್ಕೋ, ಯಾರ ಬಾಯಿಮಾತನ್ನೂ ನಂಬಬೇಡ ಎಂದು ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್ ಹೇಳಿದ್ದ, ಆತ ಯಾರ ಬಾಯಿಮಾತನ್ನೂ ನಂಬದೆಯೇ ರಿಟೈರ್ ಆದ, ಈಗ ಇವನ ಸರದಿ. ನಿನ್ನೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಗೆರೆಯ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿದ್ದ, ಕುಂಡಗಳ ಅಂಚಿನ ಕೆಳಗೆ, ಕಣ್ಣಿಗೆ ಕಾಣದ ಕಡೆ, ಬೆರಳು ಮಾತ್ರ ಹೋಗುವ ಕಡೆ, ಲಿಫ್ಟಿನ ಹಳಿಗೆ ಬಳಿಯುವ ಕರಿ ಗ್ರೀಸ್ ಸವರಿಟ್ಟಿದ್ದ, ಸೋಪಿಗೆ ಜಗ್ಗದ ಗ್ರೀಸು, ಎರಡು ದಿನ ಉಜ್ಜಿದರೂ ಉಗುರಿನ ಸಂದಿಯಲ್ಲಿ ಬಿಡಾರ ಹೂಡಿರುತ್ತದೆ, ಈಗ ಅಂಚಿನ ಕೆಳಗೆ ಕಣ್ಣು ಹಾಯಿಸಿದರೆ ಗ್ರೀಸು ಕದಡಿದೆ, ಬೆರಳು ಜಾರಿದ ಗೀರುಗಳು ಕಾಣುತ್ತಿವೆ, ಸಿಕ್ಕಿಬಿದ್ದೆಯಾ ಮಹಾರಾಯ, ಹತ್ತು ಗಂಟೆಗೆ ಕೆಳಗೆ ಮೀಟಿಂಗು, ಎಲ್ಲ ಮನೆಯವರೂ ಬರುತ್ತಾರೆ, ಮುಖ ನೋಡುವುದೇ ಬೇಡ, ಕೈ ನೋಡಿದರೆ ಸಾಕು.

ಮೀಟಿಂಗು ತಾರಸಿಯ ಮೇಲಿನ ಇವನ ಈ ತೋಟದ ಬಗ್ಗೆಯೇ, ತೋಟ ಇರಬೇಕೋ ಹೋಗಬೇಕೋ ಎಂದು ಇವತ್ತು ಕೈ ಎತ್ತಿಸುತ್ತಾರಂತೆ, ಆರನೇ ಮಹಡಿಯ ಗಣಿತದ ಟೀಚರ್ ಮನೆಯ ಸೂರಿನಲ್ಲಿ ತೇವ ಕಾಣಿಸಿಕೊಂಡಿದೆ, ಕುಂಡದ ನೀರೇ ಕಾರಣ ಎಂದು ಸೆಕ್ರೆಟರಿ ಲಿಫ್ಟಿನಲ್ಲಿ ಕಾಗದ ಅಂಟಿಸಿದ್ದಾನೆ, ವಾರಕ್ಕೊಂದು ಕಾಗದ ಅಂಟಿಸದಿದ್ದರೆ ಆತನಿಗೆ ಉಂಡದ್ದು ಅರಗುವುದಿಲ್ಲ, ಮಕ್ಕಳೆಲ್ಲ ಅವನನ್ನು ಸುತ್ತೋಲೆ ಅಂಕಲ್ ಎನ್ನುತ್ತವೆ — ತಾರಸಿಯ ಬಾಗಿಲಿಗೆ ಮೂರೇ ಕೀಲಿಕೈ, ಒಂದು ಸುತ್ತೋಲೆಯ ಹತ್ತಿರ, ಒಂದು ಟೀಚರ್ ಹತ್ತಿರ, ಇನ್ನೊಂದು ಇವನದೇ ಮನೆಯ ಫ್ರಿಜ್ಜಿನ ಪಕ್ಕದ ಮೊಳೆಯಲ್ಲಿ, ಸುತ್ತೋಲೆಗೆ ಸೊಂಟ ಹಿಡಿದು ತಿಂಗಳಾಯಿತು, ಬಗ್ಗಿ ಕುಂಡ ತಿರುಗಿಸುವ ಪೈಕಿಯಲ್ಲ, ಉಳಿದವರು ಟೀಚರ್, ಕುಂಡದ ತಳದಲ್ಲಿ ತೇವ ಎಷ್ಟಿದೆ ಎಂದು ಸರಿಸಿ ನೋಡಿ ಲೆಕ್ಕ ಹಾಕುತ್ತಿರಬೇಕು, ಗಣಿತದವರಲ್ಲವೆ, ಸಾಕ್ಷಿ ಇಲ್ಲದೆ ಮಾತಾಡುವವರಲ್ಲ. ಹೋಗಲಿ, ಹೋಗಲಿ ಎನ್ನುವುದಾದರೂ ಹೇಗೆ, ಮುರಿದ ಸ್ನಾನದ ತೊಟ್ಟಿಯಲ್ಲಿ ಬಚ್ಚಲಿನ ವಾಸನೆ ಹೋಗಿ ಮಣ್ಣಿನ ವಾಸನೆ ಬರಲು ಒಂದು ವರ್ಷ ಹಿಡಿಯಿತು, ಟೊಮೆಟೊ ಎಲೆ ಮುಟ್ಟಿದ ಕೈ ಮಧ್ಯಾಹ್ನದ ತನಕ ಹಸಿರು ಹಸಿರು ನಾರುತ್ತದೆ, ಮೋಟಾರು ಸುಟ್ಟ ವಾಸನೆಯ ನಡುವೆ ಯಾರೂ ನೋಡದ ಹಾಗೆ ಆ ಕೈ ಮೂಗಿಗೆ ಹಿಡಿದುಕೊಳ್ಳುತ್ತಾನೆ, ಗೊಬ್ಬರದ ಡ್ರಮ್ಮಿನೊಳಗೆ ಕೈ ಇಟ್ಟರೆ ಜ್ವರ ಬಂದ ಮಗುವಿನ ಹಣೆಯಷ್ಟು ಬಿಸಿ, ಒಂದು ಜೇನ್ನೊಣ ದಿನಾ ಎಂಟಕ್ಕೆ ಡ್ಯೂಟಿಗೆ ಹಾಜರಾಗುತ್ತದೆ, ಇಷ್ಟೆತ್ತರಕ್ಕೆ ಲಿಫ್ಟಿಲ್ಲದೆ ಹೇಗೆ ಬರುತ್ತದೋ, ಬೀದಿಯ ಮರದ ನೆತ್ತಿಯನ್ನು ಮೇಲಿನಿಂದ ನೋಡುವ ಸುಖವೇ ಬೇರೆ, ಕೆಳಗಿನವರಿಗೆ ಅದರ ನೆರಳಷ್ಟೇ ಸಿಗುತ್ತದೆ, ಹೂವೆಲ್ಲ ಇವನ ಪಾಲು. ಮತ್ತೆ ಈ ನಿಂಬೆ — ಲಿಫ್ಟಿನ ಮೋಟಾರು ಕೋಣೆಯ ಗೋಡೆಗೆ ಆತು ಕೂತು ಮೂರು ವರ್ಷ ಒಂದೇ ಕಡೆಗೆ ಸೊಟ್ಟಗೆ ವಾಲಿತ್ತು, ಒಂದೇ ಮಗ್ಗುಲಿಗೆ ಕಾಯಿ, ಈಗ ಎರಡು ತಿಂಗಳಿಂದ ನೆಟ್ಟಗಾಗಿದೆ, ಗೋಡೆಯ ಕಡೆಯೂ ಮೊಗ್ಗು, ಅದೂ ಅನುಮಾನವೇ, ಇದ್ದಕ್ಕಿದ್ದಂತೆ ಇದಕ್ಕೇನು ಬಂತು, ಏನಾದರೂ ಹಾಕುತ್ತಿದ್ದಾರೆಯೇ, ಅಪ್ಪಾ ಗಿಡ ಚೆನ್ನಾಗಿದ್ರೂ ಅನುಮಾನ, ಚೆನ್ನಾಗಿಲ್ದಿದ್ರೂ ಅನುಮಾನ, ನೀನು ಪೊಲೀಸ್ ಆಗ್ಬೇಕಿತ್ತು ಎಂದು ಮಗಳು ನಕ್ಕಿದ್ದಳು. ಹೆಂಡತಿ ನಗಲಿಲ್ಲ, ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಮೂರಕ್ಕೆಲ್ಲ ಮನೆ ಸೇರುವವಳು, ತೋಟದ ಮಾತು ಬಂದರೆ ಎದ್ದು ಬೇರೆ ಕೋಣೆಗೆ ಹೋಗುತ್ತಾಳೆ, ಮೇಲ್ಗಡೆ ಇನ್ನೊಂದು ಸಂಸಾರ ಇಟ್ಟಿದ್ದೀರಲ್ಲ, ಅವಳನ್ನೇ ಕೇಳಿ ಊಟ ಏನು ಅಂತ ಎನ್ನುತ್ತಾಳೆ — ಎರಡು ವರ್ಷದ ಹಿಂದೆ ಒಮ್ಮೆ ಬಂದಿದ್ದಳು, ಸಸಿಯ ತಟ್ಟೆಗೆ ಚೊಂಬಿನಲ್ಲಿ ನೀರು ಸುರಿದು ಬೀಜವನ್ನೆಲ್ಲ ತೊಳೆದು ಹಾಕಿದ್ದಳು, ಇವನು ಕೂಗಾಡಿದ್ದ, ಏನೇನು ಅಂದಿದ್ದನೋ, ಎಲ್ಲ ನೆನಪಿಲ್ಲ, ಇನ್ಮೇಲೆ ಇಲ್ಲಿ ಕೈ ಇಡಬೇಡ ಅಂದದ್ದು ಮಾತ್ರ ನೆನಪಿದೆ, ಅವಳು ಚೊಂಬನ್ನು ನೆಲದ ಮೇಲಿಟ್ಟು, ಸದ್ದಾಗದ ಹಾಗೆ ಇಟ್ಟು, ಇಳಿದು ಹೋಗಿದ್ದಳು, ಆಮೇಲೆ ಹತ್ತಲೇ ಇಲ್ಲ, ಹತ್ತದಿದ್ದರೆ ಬೇಡ, ಗಿಡದ ಮರ್ಮ ಎಲ್ಲರಿಗೂ ಎಲ್ಲಿ ತಿಳಿಯುತ್ತದೆ.

ಇಳಿಯುವಾಗ ಮೆಟ್ಟಿಲೇ, ರಜಾ ದಿನ ಲಿಫ್ಟು ಹತ್ತುವುದಿಲ್ಲ, ಅಡುಗೆಯವನು ಮನೆಯಲ್ಲಿ ಒಲೆ ಮುಟ್ಟದ ಹಾಗೆ, ನಾಲ್ಕನೇ ಮಹಡಿಯಲ್ಲಿ ತನ್ನ ಮನೆಯ ಬಾಗಿಲು ಅರೆ ತೆರೆದಿತ್ತು, ಬಚ್ಚಲಿನಲ್ಲಿ ನಲ್ಲಿ ಸುರಿಯುತ್ತಲೇ ಇತ್ತು, ಬೆಳಿಗ್ಗೆ ಆರರಿಂದ ಏನನ್ನು ತೊಳೆಯುತ್ತಿದ್ದಾಳೋ, ನಡಿಯೇ ಟೈಮಾಯ್ತು ಎಂದ, ನೀವು ಹೋಗಿರಿ ಬರ್ತೀನಿ ಎಂದಿತು ಒಳಗಿನ ದನಿ. ಕೆಳಗೆ ಕಾರುಗಳ ನಡುವೆ ಪ್ಲಾಸ್ಟಿಕ್ ಕುರ್ಚಿಗಳು, ಇವನು ಕಂಬಕ್ಕೊರಗಿ ನಿಂತ, ಕೈಗಳನ್ನು ನೋಡತೊಡಗಿದ, ಹದಿನೆಂಟು ಮನೆಯ ಕೈಗಳು, ಒಂದು ಮೊಬೈಲ್ ಒತ್ತುತ್ತಿದೆ, ಒಂದು ಮಗುವಿನ ಮೂಗು ಒರೆಸುತ್ತಿದೆ, ಎರಡನೇ ಮಹಡಿಯ ದರ್ಜಿಯ ಬೆರಳಲ್ಲಿ ನೀಲಿ, ಅದು ಬಟ್ಟೆಯ ಬಣ್ಣ, ಕರಿಯಲ್ಲ, ವಾಚ್‌ಮನ್ ಅಂಗೈ ಒರಟು ಆದರೆ ಶುಭ್ರ, ಸುತ್ತೋಲೆಯ ಕೈ ಸೊಂಟದ ಮೇಲೆ, ಶುಭ್ರ, ಹೆಂಡತಿ ಬಂದು ಪಕ್ಕದಲ್ಲಿ ನಿಂತಳು, ಈ ಸೆಕೆಯಲ್ಲೂ ಶಾಲು ಹೊದ್ದಿದ್ದಾಳೆ, ಮೈ ಹುಷಾರಿಲ್ಲವೇನೋ, ಆಮೇಲೆ ಕೇಳಿದರಾಯಿತು, ಟೀಚರ್ ಎಲ್ಲಿ, ಓ ಅಲ್ಲಿ, ಮುಂದಿನ ಸಾಲು, ಎರಡು ಕೈಯನ್ನೂ ಚೀಲದೊಳಗೆ ಇಟ್ಟುಕೊಂಡು ಕೂತಿದ್ದಾರೆ, ಚೀಲದೊಳಗೆ, ಯಾಕೆ, ಯಾರು ಸುಮ್ಮನೆ ಚೀಲದೊಳಗೆ ಕೈ ಇಟ್ಟು ಕೂರುತ್ತಾರೆ, ಸುತ್ತೋಲೆ ಕಾಗದ ಓದುವುದನ್ನು ಮುಗಿಸುವ ಮೊದಲೇ ಇವನ ಬಾಯಿ ತೆರೆದುಕೊಂಡಿತು, ತೆರೆದ ಮೇಲೆ ಮುಚ್ಚಲಿಲ್ಲ, ಕದ್ದುಮುಚ್ಚಿ ಮೇಲೆ ಹೋಗುವವರು, ಗಿಡಕ್ಕೆ ಕೈ ಹಾಕುವವರು, ಸಾಕ್ಷಿ ಹುಡುಕುವವರು, ಎಲ್ಲ ಗೊತ್ತು, ಗ್ರೀಸು ಹಚ್ಚಿಟ್ಟಿದ್ದೇನೆ, ಕೈ ಆಚೆ ತೆಗೀರಿ ಟೀಚರ್, ಎಲ್ರೂ ನೋಡ್ಲಿ ಎಂದುಬಿಟ್ಟ. ಯಾರೋ ಕುರ್ಚಿ ಎಳೆದ ಸದ್ದು, ಮಗು ಕೆಮ್ಮಿತು, ಟೀಚರ್ ನಿಧಾನಕ್ಕೆ ಕೈ ತೆಗೆದರು, ಒಂದರಲ್ಲಿ ಕನ್ನಡಕದ ಡಬ್ಬಿ, ಇನ್ನೊಂದರಲ್ಲಿ ಮಡಚಿದ ಕಾಗದ, ಎರಡೂ ಅಂಗೈ ಬೆಳ್ಳಗೆ, ಸೀಮೆಸುಣ್ಣ ಹಿಡಿದು ಹಿಡಿದು ಸವೆದ ಬೆರಳ ತುದಿ, ಬಿಡಿಸಿ ತೋರಿಸಿದರು, ತಿರುಗಿಸಿಯೂ ತೋರಿಸಿದರು, ತಪ್ಪು ಲೆಕ್ಕ ಮಾಡಿದ ಹುಡುಗನಿಗೆ ಬೋರ್ಡು ತೋರಿಸುವ ಹಾಗೆ, ಸಿಟ್ಟಿಲ್ಲದೆ ಹೇಳಿದರು, ತೇವ ಟ್ಯಾಂಕಿನ ಪೈಪಿಂದು ಅಂತ ಪ್ಲಂಬರ್ ಬರ್ಕೊಟ್ಟಿದ್ದಾನೆ, ಅದನ್ನೇ ಓದೋಣ ಅಂತ ಬಂದಿದ್ದೆ, ಗಿಡ ಇರ್ಲಿ ಅಂತ ಹೇಳೋಣ ಅಂತ ಬಂದಿದ್ದೆ, ಇನ್ನು ನಾನು ಏನೂ ಹೇಳಲ್ಲ — ಆಮೇಲೆ, ಕಾಗದವನ್ನು ಮತ್ತೆ ಮಡಚುತ್ತ, ಗೋಡೆ ಪಕ್ಕದ ಗಿಡ ಬೆಳಕಿನ ಕಡೆಗೇ ವಾಲುತ್ತಪ್ಪ, ವಾರಕ್ಕೊಂದ್ಸಲ ಸ್ವಲ್ಪ ತಿರುಗಿಸಿದ್ರೆ ನೆಟ್ಟಗಾಗುತ್ತೆ, ನೀವೇ ತಿರುಗಿಸ್ತಿದ್ದೀರಿ ಅಂದ್ಕೊಂಡಿದ್ದೆ, ಯಾರೋ ಅದರ ಮೇಲೆ ಜೀವ ಇಟ್ಕೊಂಡಿದ್ದಾರೆ, ಅವರನ್ನ ಕಳ್ಳ ಅಂತಿದ್ದೀರಲ್ಲ.

ತಿರುಗಿಸಿದರೆ ನೆಟ್ಟಗಾಗುತ್ತದೆ, ಇಷ್ಟೇ, ಇಷ್ಟು ತಿಳಿಯಲಿಲ್ಲವೆ, ಮೇಲೆ ಕೆಳಗೆ ಬಿಟ್ಟರೆ ಬೇರೆ ದಿಕ್ಕೇ ಇಲ್ಲ ಎಂದು ದುಡಿದವನಿಗೆ ಸುತ್ತು ಎನ್ನುವುದೊಂದು ಇದೆ ಎಂದು ಹೊಳೆಯಲೇ ಇಲ್ಲ, ಹಾಗಾದರೆ ಯಾರು, ಮೂರೇ ಕೀಲಿಕೈ, ಸುತ್ತೋಲೆಯದ್ದಲ್ಲ, ಟೀಚರದ್ದಲ್ಲ, ಎಲ್ಲರೂ ಅವನನ್ನು ನೋಡುತ್ತಿದ್ದಾರೆ, ಸುತ್ತೋಲೆ ಗಂಟಲು ಸರಿಮಾಡಿಕೊಂಡು, ಆಯ್ತು, ಒಂದು ಮನೆಗೆ ಒಂದು ಕೈ, ಗಿಡ ಇರ್ಲಿ ಅನ್ನೋರು ಎತ್ತಿ ಎಂದ, ಎದೆಯ ಜೇಬಿನಿಂದ ಪೆನ್ನು ತೆಗೆದ, ಯಾರೂ ಎತ್ತಲಿಲ್ಲ, ದರ್ಜಿ ನೆಲ ನೋಡಿದ, ಅವನ ಮಗುವಿಗೆ ಪ್ರತಿ ವಾರ ಟೊಮೆಟೊ ಕೊಟ್ಟವನು ಇವನೇ, ವಾಚ್‌ಮನ್ ಗೇಟಿನ ಕಡೆ ತಿರುಗಿದ, ಇವನ ಕೈ ಕೂಡ ಏಳಲಿಲ್ಲ, ಪ್ಯಾಂಟಿನ ಪಕ್ಕಕ್ಕೆ ಅಂಟಿಕೊಂಡಿತ್ತು, ಯಾವ ಮುಖ ಹೊತ್ತು ಎತ್ತಲಿ, ಮೂರು ವರ್ಷ, ಹನ್ನೊಂದು ಕುಂಡ, ಎಂಟರ ಡ್ಯೂಟಿಯ ಜೇನ್ನೊಣ ನಾಳೆ ಬಂದು ಬರೀ ಸಿಮೆಂಟಿನ ಮೇಲೆ ಸುತ್ತು ಹಾಕುತ್ತದೆ, ಹೋಯಿತು, ಸುತ್ತೋಲೆ ಸೊನ್ನೆ ಬರೆಯಲು ಪೆನ್ನು ಊರಿದ, ಆಗ ಪಕ್ಕದಲ್ಲಿ ಏನೋ ಅಲುಗಿತು, ಶಾಲು ಭುಜದಿಂದ ಜಾರಿತು, ಮೇಲಕ್ಕೆ ಹೋಗುತ್ತಿರುವುದು ಒಂದು ಕೈ, ಮುಂಗೈವರೆಗೂ ಉಜ್ಜಿ ಉಜ್ಜಿ ಕೆಂಪಗಾದ ಕೈ, ನಮ್ಮನೇದು ಬರ್ಕೊಳ್ಳಿ ಎಂದಳು ಹೆಂಡತಿ, ಅವನ ಕಡೆ ನೋಡಲಿಲ್ಲ, ಕೈಯನ್ನು ಇಳಿಸಲೂ ಇಲ್ಲ, ಇನ್ನು ಕೈ ಇಡಬೇಡ ಎಂದು ತಾನು ಅಂದ ಕೈ, ಮೂರು ಗಂಟೆಯ ಬಿಸಿಲಲ್ಲಿ ಮಂಡಿಯೂರಿ ಹನ್ನೊಂದು ಸಲ ಅಂಚು ಹಿಡಿದ ಕೈ, ಎಲ್ಲರೂ ನೋಡುತ್ತಿದ್ದಾರೆ, ಕಾರುಗಳ ನಡುವೆ, ಎಲ್ಲರ ತಲೆಗಿಂತ ಮೇಲೆ, ಬೆರಳು ಬಿಡಿಸಿಕೊಂಡು ನಿಂತ ಆ ಒಂದೇ ಕೈ, ಉಗುರುಗಳ ಸಂದಿಯಲ್ಲಿ ಕಪ್ಪು, ಬೆರಳ ಗೆರೆಗಳಲ್ಲಿ ಕಪ್ಪು, ಐದು ಬೆರಳು, ಕಪ್ಪು, ಐದು ಬೆರಳು —