ಎತ್ತಿ ಹಾಕಿದ ನೀರು

“ಏ ಮುದುಕಿ, ಕೆಳಗಿಳಿ! ನಿನ್ನೌನ, ಕಟ್ಟಿ ಏರಿದಿ ಅಂದ್ರ ಕಾಲ ಮುರೀತೇನಿ!”

ಬೈದವರು ನನ್ನ ಮನೆ ಮಾಲೀಕರು, ವಿಜಯಮಹಾಂತೇಶರು. ಬೈಸಿಕೊಂಡವಳು ಸಕ್ರವ್ವ, ನನ್ನನ್ನು ಹೆತ್ತವಳು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದೆ. ಕೆಳಗಿಳಿದು ಬರಲಿಲ್ಲ.

ಅವ್ವ ನಮ್ಮೂರು ಕೆರೂರಿನಿಂದ ಮೊದಲ ಬಸ್ಸಿಗೆ ಬಂದು, ನವನಗರದಲ್ಲಿ ಮನೆ ಸಿಗದೆ ಎರಡು ಸೆಕ್ಟರು ಸುತ್ತಿದ್ದಳು. ಮಾಲೀಕರ ಹೆಂಡತಿ ಮಹಾದೇವಕ್ಕ ಪಾಪ ಒಳ್ಳೆಯವರು. ಮುದುಕಿ ದಣಿದದ್ದು ಕಂಡು ತಂಬಿಗೆ ತುಂಬ ನೀರು ತಂದು ಮುಂದೆ ಹಿಡಿದರು. ಇಸಿದುಕೊಂಡು ಕುಡಿದಿದ್ದರೆ ಮುಗಿದೇ ಹೋಗುತ್ತಿತ್ತು. ಅವ್ವ ಮೂರು ಹೆಜ್ಜೆ ಹಿಂದೆ ಸರಿದು, ಕುಕ್ಕರಗಾಲಲ್ಲಿ ಕುಂತು, ಎರಡೂ ಅಂಗೈ ಜೋಡಿಸಿ ಬಾಯಿಗೆ ಹಚ್ಚಿದಳು. ಊರ ಗೌಡರ ಬಾಗಿಲಲ್ಲಿ ಐವತ್ತು ವರ್ಷ ಹಾಗೇ ಕುಡಿದವಳು. ಮಹಾದೇವಕ್ಕನ ಕೈ ಅರ್ಧಕ್ಕೇ ನಿಂತಿತು. ಆಮೇಲೆ ಅದೇ ಕೈ ಮೇಲೇರಿ, ಎತ್ತರದಿಂದ ನೀರು ಹಾಕಿತು. ಕುಡಿದ ಮೇಲೆ, ಮೆಟ್ಟಿಲ ಮೇಲೆ ನನ್ನನ್ನು ಕಂಡು ಅವ್ವ ಕಟ್ಟೆಯ ಮೇಲೆ ಕಾಲು ಇಟ್ಟಾಗಲೇ, ಇದನ್ನೆಲ್ಲ ನೋಡುತ್ತಿದ್ದ ಮಾಲೀಕರು ಒದರಿದ್ದು.

“ಯಾರ್ರಿ ಪ್ರೇಮಕುಮಾರ ಸರ್ ಈಕಿ? ನಿಮ್ಮನ್ನ ಕೇಳಾಕತ್ತಾಳ?”

ಜಾತಿ ಹೇಳಿ ಹನ್ನೊಂದು ಬಾಡಿಗೆ ಮನೆ ಕಳೆದುಕೊಂಡವನು ನಾನು. ಹನ್ನೆರಡನೆಯದರಲ್ಲಿ ಇವರು “ನಮ್ಮ ಪೈಕಿನ ಅಲ್ಲೇನ್ರಿ?” ಎಂದಾಗ ನಕ್ಕುಬಿಟ್ಟಿದ್ದೆ. ಆ ಒಂದು ನಗುವಿನ ಮೇಲೆ ಎರಡು ವರ್ಷ ಬದುಕಿದ್ದೆ.

“ನಮ್ಮ ಹೊಲದಾಗ ಕೂಲಿ ಮಾಡಾಕಿರಿ,” ಎಂದೆ.

ನಮಗೆ ಗೇಣು ಹೊಲವಿಲ್ಲ. ಥೂ, ನನ್ನ ನಾಲಿಗೆಗೆ ಹುಳ ಬೀಳಲಿ!

ಅವ್ವ ಕಣ್ಣೆತ್ತಿ ನನ್ನನ್ನು ನೋಡಿದಳು. “ಹೌದ್ರಿ ಯಪ್ಪಾ. ಸರ್ ಅವರಿಗೆ ರೊಟ್ಟಿ ಕೊಡಾಕ ಬಂದಿದ್ನಿರಿ.”

ನನ್ನನ್ನು ಸರ್ ಅಂದಳು. ಮಾಲೀಕರು ಹೇಳಿದಂತೆ ನೀರು ಬಿದ್ದ ಜಾಗ ತಿಕ್ಕಿ ತೊಳೆದಳು. ರೊಟ್ಟಿ ಗಂಟು ಗೇಟಿನ ಹತ್ತಿರ ಇಟ್ಟು ಹೋದಳು.

ಅವಳು ಬಂದದ್ದು ರೊಟ್ಟಿ ಕೊಡಲಿಕ್ಕಷ್ಟೇ ಅಲ್ಲ. ಅಂದು ವಿದ್ಯಾಗಿರಿಯ ನಮ್ಮ ಕಾಲೇಜಿನಲ್ಲಿ ನನ್ನ ಭಾಷಣವಿತ್ತು. “ಒಮ್ಮೆರ ನೀ ಮಾತಾಡೂದ ಕೇಳಬೇಕೋ” ಎಂದು ಫೋನಿನಲ್ಲಿ ಅಂದಾಗ, ಬಾ ಎಂದವನು ನಾನೇ. ನಾನಲ್ಲಿ ಅತಿಥಿ ಉಪನ್ಯಾಸಕ, ಆಡಳಿತ ಮಂಡಳಿಯಲ್ಲಿ ಇದೇ ವಿಜಯಮಹಾಂತೇಶರು. ಬಾಯಿ ಬಿಟ್ಟರೆ ಮನೆಯೂ ಹೋಯಿತು, ನೌಕರಿಯೂ ಹೋಯಿತು.

ಬ್ಯಾನರಿನ ಮೇಲೆ ‘ಸ್ವಾತಂತ್ರ್ಯ, ಸಮಾನತೆ: ಗಾಂಧೀಜಿ ಮತ್ತು ಅಂಬೇಡ್ಕರ್’ ಎಂದಿತ್ತು. ಅಧ್ಯಕ್ಷತೆ ಮಾಲೀಕರದೇ. ಹಿಂದಿನ ಬಾಗಿಲ ಬಳಿ, ಕುರ್ಚಿ ಖಾಲಿಯಿದ್ದರೂ, ನನಗಿಂತ ಮೊದಲೇ ಬಂದಿದ್ದ ಅವ್ವ ನೆಲದ ಮೇಲೆ ಕುಂತಿದ್ದಳು.

ಚೆನ್ನಾಗಿಯೇ ಮಾತಾಡಿದೆ, ಸುಡಲಿ. ಮುಟ್ಟಬೇಡ ಎನ್ನುವುದು ಪಾಪ, ಪಾಪ ಮಾಡಿದವರೇ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು, ಅದಾಗದೆ ಸ್ವರಾಜ್ಯವಿಲ್ಲ ಎಂದರು ಗಾಂಧೀಜಿ. ಅವರು ಬಾವಿಯ ಒಡೆಯನ ಮನಸ್ಸಿಗೆ ಮೊರೆಯಿಟ್ಟರು. ಅಂಬೇಡ್ಕರರು ಒಡೆಯನನ್ನು ಕೇಳುತ್ತ ಕೂರಲಿಲ್ಲ. ಜನರನ್ನು ಕರೆದುಕೊಂಡು ಮಹಾಡದ ಕೆರೆಗೆ ಇಳಿದು ಕುಡಿದರು. ನಾವೂ ಮನುಷ್ಯರು ಎಂದು ಸಾರಲಿಕ್ಕೆ ಕುಡಿದರು. ಇಷ್ಟು ಹೇಳುವಾಗ ಒಮ್ಮೆಯೂ ಹಿಂದಿನ ಬಾಗಿಲ ಕಡೆ ನೋಡಲಿಲ್ಲ.

“ಛಲೋ ಹೇಳಿದ್ರಿ,” ಎಂದರು ಅಧ್ಯಕ್ಷರು. “ಗಾಂಧೀಜಿ ಮಾತ ಕೇಳಿ ನಮ್ಮ ಮನಸ್ಸ ಎಂದೋ ಬದಲಾಗೇತ್ರಿ. ಈಗ ಅದೆಲ್ಲಾ ಎಲ್ಲೈತಿ?”

ಚಪ್ಪಾಳೆ ಬಿತ್ತು. ಬಿ.ಎ. ಎರಡನೇ ವರ್ಷದ ಮಾಯಾ ಎದ್ದು ನಿಂತಳು.

“ಸರ್, ಅವರ ಮನಸ್ಸ ಬದಲಾಗೂಮಟಾ, ನೀರಡಿಸಿದಾಕಿ ಏನ ಮಾಡಬೇಕ್ರಿ?”

ನನ್ನನ್ನೇ ಕೇಳಿದ್ದಳು. ಮೈಕಿನ ಬಳಿಯ ಲೋಟಕ್ಕೆ ಕೈ ಹಾಕಿದೆ, ಖಾಲಿಯಿತ್ತು. ಮಾಲೀಕರು ತಮ್ಮ ಮುಂದಿನ ಲೋಟವನ್ನೇ ತೆಗೆದುಕೊಂಡು ಎದ್ದು ಬಂದರು. “ಮೊದಲ ನೀರ ಕುಡೀರಿ ಸರ್.”

ಆಗ ಅವ್ವನ ಕಡೆ ನೋಡಿದೆ. ಸೆರಗು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಅಲ್ಲೇ ವೇದಿಕೆಯ ಮೇಲೆ ಮೂರು ಹೆಜ್ಜೆ ಹಿಂದೆ ಸರಿದೆ. ಕುಕ್ಕರಗಾಲಲ್ಲಿ ಕುಂತು ಅಂಗೈ ಜೋಡಿಸಿ ಬಾಯಿಗೆ ಹಚ್ಚಿದೆ.

“ಎತ್ತಿ ಹಾಕ್ರಿ,” ಎಂದೆ. “ಮುಂಜಾನಿ ನಿಮ್ಮ ಅಂಗಳಾ ತೊಳದಾಕಿ ನಮ್ಮವ್ವರಿ. ಅಕಿ ಹೊಟ್ಟ್ಯಾಗ ಹುಟ್ಟಿದವ್ರಿ ನಾ.”

ಮಾಲೀಕರ ಮುಖ ಕಪ್ಪಿಟ್ಟಿತು. ಲೋಟ ಮೇಲೂ ಏರಲಿಲ್ಲ, ಕೆಳಗೂ ಇಳಿಯಲಿಲ್ಲ.

“ಏಳ ಪ್ರೇಮ್ಯಾ! ಏಳ ಭಾಡ್ಯಾ!”

ಅವ್ವ ಎದ್ದು ನಿಂತಿದ್ದಳು. ಅವಳ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. “ನಾ ಕುಂತ ಕುಡದದ್ದ ಸಾಲಲಿಲ್ಲೇನ? ನಿನ್ನ ಇದಕ್ಕೇನ ಓದಿಸಿದ್ನಿ? ನಿಂತ ಕುಡಿಯೋ!”

ಎದ್ದೆ. ಕೈ ಚಾಚಿ ಲೋಟ ಹಿಡಿದೆ. ಮಾಲೀಕರು ಬಿಡಲಿಲ್ಲ. ಇನ್ನೂ ಗಟ್ಟಿಯಾಗಿ ಹಿಡಿದರು. ನಾನೂ ಬಿಡಲಿಲ್ಲ. ನೀರು ತುಳುಕಿ ಇಬ್ಬರ ಕೈಮೇಲೂ ಹರಿಯುತ್ತಿತ್ತು.